ರಾಯಚೂರು ಎಷ್ಟು ಹಿಂದೆ? ನಕ್ಷೆಯ ತಂತ್ರಾಂಶದಲ್ಲಿ ಝೆಡ್ ಅಂಕದ ಲೆಕ್ಕ

2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56. ಕರ್ನಾಟಕದ ಅಂದಿನ 30 ಜಿಲ್ಲೆಗಳಲ್ಲಿ ಇದಕ್ಕಿಂತ ಕೆಳಗಿದ್ದದ್ದು ಶೇ 51.83ರ ಯಾದಗಿರಿ ಒಂದೇ. ಜಿಲ್ಲೆ ಹಿಂದುಳಿದಿದೆ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಎಷ್ಟು ಹಿಂದೆ ಎಂದು ತಿಳಿಯಲು ಅಳತೆ ಬೇಕು. ಜಿಲ್ಲೆಯ ಅಂಕಿಯಿಂದ ಸರಾಸರಿಯನ್ನು ಕಳೆದು, ಉಳಿದದ್ದನ್ನು ಮಾನಕ ವಿಚಲನೆಯಿಂದ ಭಾಗಿಸಿದರೆ ಸಿಗುವ ಝೆಡ್ ಅಂಕ ಅಂಥದೊಂದು ಅಳತೆ.

ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದ ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಇದು ಒಂದು ಸಾಲಿನ ಕೆಲಸ. 30 ಜಿಲ್ಲೆಗಳ ಅಂಕಿಗಳ ಸರಾಸರಿ ಸುಮಾರು 73.66, ಮಾನಕ ವಿಚಲನೆ 8.21, ರಾಯಚೂರಿನ ಝೆಡ್ ಅಂಕ −1.72. ಆದರೆ ರಾಜ್ಯದ ಸಾಕ್ಷರತೆ ಶೇ 75.36 ಅಲ್ಲವೇ? ಹೌದು. ತಂತ್ರಾಂಶವು ಜನರನ್ನು ಎಣಿಸುವುದಿಲ್ಲ, ಕೋಷ್ಟಕದ ಸಾಲುಗಳನ್ನು ಎಣಿಸುತ್ತದೆ. ಅದಕ್ಕೆ ಕೊಡಗೂ ಒಂದು ಸಾಲು, ಬೆಂಗಳೂರು ನಗರವೂ ಒಂದು ಸಾಲು. ಜನಸಂಖ್ಯೆಯ ತೂಕ ಸೇರಿಸುವ ಹೊಣೆ ಸಂಶೋಧಕರದು.

ಹೋಲಿಕೆಯ ವ್ಯಾಪ್ತಿ ಬದಲಾದರೆ ಚಿತ್ರವೇ ಬದಲಾಗುತ್ತದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಹೀಗೆ ಕಲ್ಯಾಣ ಕರ್ನಾಟಕದ ಅಂದಿನ ಆರು ಜಿಲ್ಲೆಗಳನ್ನಷ್ಟೇ ಆಯ್ದು ಲೆಕ್ಕ ಹಾಕಿದರೆ ಸರಾಸರಿ 63.71ಕ್ಕೆ ಇಳಿಯುತ್ತದೆ, ರಾಯಚೂರಿನ ಝೆಡ್ ಅಂಕ −0.66ಕ್ಕೆ ಏರುತ್ತದೆ. ಜಿಲ್ಲೆಯಲ್ಲಿ ಒಬ್ಬರೂ ಹೊಸದಾಗಿ ಅಕ್ಷರ ಕಲಿತಿಲ್ಲ. ನೆರೆಹೊರೆಯೂ ಹಿಂದುಳಿದಿರುವುದರಿಂದ ರಾಯಚೂರು ಸಾಧಾರಣವಾಗಿ ಕಂಡಿದೆ, ಅಷ್ಟೇ. ಕಲ್ಯಾಣ ಕರ್ನಾಟಕದ ಒಳಗಿನ ಹೋಲಿಕೆಗಳನ್ನು ಓದುವಾಗ ಇದನ್ನು ಮರೆಯಬಾರದು.

ಭಾಜಕದ ಪ್ರಶ್ನೆ ಇನ್ನೊಂದು. ಮಾನಕ ವಿಚಲನೆ ಕಂಡುಹಿಡಿಯುವಾಗ ಆರು ಜಿಲ್ಲೆಗಳ ವಿಚಲನೆಗಳ ವರ್ಗಗಳ ಮೊತ್ತವನ್ನು 6ರಿಂದ ಭಾಗಿಸಿದರೆ ಝೆಡ್ ಅಂಕ −0.66, ಮಾದರಿಯೆಂದು ಭಾವಿಸಿ 5ರಿಂದ ಭಾಗಿಸಿದರೆ −0.60. ಪೈಥಾನ್‌ನ ನಂಪೈ ಮೊದಲ ಕ್ರಮವನ್ನೂ ಪಾಂಡಾಸ್ ಎರಡನೆಯದನ್ನೂ ತಾವಾಗಿಯೇ ಹಿಡಿಯುತ್ತವೆ. ಆರ್ ಭಾಷೆಯೂ ಎರಡನೆಯದರ ಕಡೆಗೇ. ಇಲ್ಲಿ ಪ್ರದೇಶದ ಅಂದಿನ ಎಲ್ಲ ಜಿಲ್ಲೆಗಳೂ ಲೆಕ್ಕದಲ್ಲಿರುವುದರಿಂದ 6ರಿಂದ ಭಾಗಿಸುವುದೇ ಸರಿ.

ಇಂಥ ಲೆಕ್ಕಕ್ಕೆ ನಮ್ಮಲ್ಲಿ ರಾಜಕೀಯ ಮಹತ್ವವಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, 35 ಸೂಚಕಗಳಿಂದ ಅಂದಿನ 175 ತಾಲ್ಲೂಕುಗಳನ್ನು ಅಳೆಯಿತು. 114 ಹಿಂದುಳಿದವೆಂದಾಯಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಆ 39ರ ಪಟ್ಟಿಯಲ್ಲಿವೆ. ಸರಾಸರಿಯೊಂದಿಗಿನ ಅನುಪಾತವು ಅಂಕಿಗಳು ಎಷ್ಟು ಚದುರಿವೆ ಎಂಬುದನ್ನು ಹೇಳುವುದಿಲ್ಲ. ಝೆಡ್ ಅಂಕ ಅದನ್ನೂ ಗಣನೆಗೆ ತರುತ್ತದೆ.

ಇನ್ನು ರಾಯಚೂರು ತಾಲ್ಲೂಕಿನ ಮಟಮಾರಿಯಂಥ ಊರಿನ ಮಾತು. ಜಿಲ್ಲೆಯ −1.72 ಆ ಊರಿನದಲ್ಲ. ಜನಗಣತಿಯ ಗ್ರಾಮವಾರು ಕೋಷ್ಟಕದಲ್ಲಿ ಒಟ್ಟು ಜನಸಂಖ್ಯೆ, ಆರು ವರ್ಷದವರೆಗಿನ ಮಕ್ಕಳು, ಅಕ್ಷರಸ್ಥರು ಇವೆಲ್ಲ ಬೇರೆಬೇರೆ ಸಿಗುತ್ತವೆ. ಮಕ್ಕಳನ್ನು ಕಳೆಯದೆ ಅಕ್ಷರಸ್ಥರನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ, ಮಕ್ಕಳು ಹೆಚ್ಚಿರುವ ಊರು ಸುಮ್ಮನೆ ಹಿಂದೆ ಬೀಳುತ್ತದೆ. ನೂರು ಜನರ ಊರಿನಲ್ಲಿ ಒಂದೆರಡು ಕುಟುಂಬ ಗುಳೆ ಹೋದರೂ ಶೇಕಡಾವಾರು ಜಿಗಿಯುತ್ತದೆ. ದೊಡ್ಡ ಊರಿನಲ್ಲಿ ಹಾಗಾಗದು. ಎರಡೂ ಬಗೆಯ ಊರುಗಳನ್ನು ಒಂದೇ ಬಣ್ಣದ ಪಟ್ಟಿಯಲ್ಲಿ ತೋರಿಸುವ ನಕ್ಷೆ ಸಣ್ಣ ಊರುಗಳಿಗೆ ಅನ್ಯಾಯ ಮಾಡುತ್ತದೆ.

ಗೆಟಿಸ್-ಆರ್ಡ್ ವಿಧಾನದ ಹಾಟ್‌ಸ್ಪಾಟ್ ನಕ್ಷೆಯಲ್ಲೂ ಝೆಡ್ ಅಂಕ ಬರುತ್ತದೆ. ಅದು ಒಂದು ಊರಿನ ಮಟ್ಟವನ್ನಲ್ಲ, ಅಕ್ಕಪಕ್ಕದ ಊರುಗಳ ಗುಂಪನ್ನು ಪರೀಕ್ಷಿಸುತ್ತದೆ. ಎರಡನ್ನೂ ಒಂದೇ ಎಂದು ಓದಬಾರದು.

ಜಿಲ್ಲೆಯ ನಕ್ಷೆ ಪ್ರಕಟಿಸುವವರು ಯಾವ ಊರುಗಳೊಂದಿಗೆ ಹೋಲಿಸಿದರು, ಯಾವ ಭಾಜಕ ಬಳಸಿದರು, ಅಂಕಿ ಯಾವ ವರ್ಷದ್ದು ಎಂಬುದನ್ನು ನಕ್ಷೆಯ ಕೆಳಗೇ ಮುದ್ರಿಸಲಿ.