ಅನ್ನ, ಮನೆ, ವ್ಯಕ್ತಿ: ಆಹಾರಸೇವನೆಯ ಅಸ್ವಸ್ಥತೆಗೆ ವಸತಿಶುಶ್ರೂಷೆ ನಡೆದು ಬಂದ ದಾರಿ

ಬೆಳಗಾವಿಯ ಆಟೋ ನಗರದ ಗ್ಯಾರೇಜುಗಳ ನೆರೆಯಲ್ಲಿ ಬಾಳುವ ಕುಟುಂಬದಲ್ಲಾಗಲಿ, ಖಾನಾಪುರದ ಕಾಡಂಚಿನ ಹಳ್ಳಿಯಲ್ಲಾಗಲಿ, ಹದಿಹರೆಯದ ಮಗಳೊಬ್ಬಳು ತಿಂಗಳುಗಟ್ಟಲೆ ಅನ್ನವನ್ನು ದೂರವಿರಿಸಿ ಕೃಶಳಾಗುತ್ತ ಬಂದರೆ, ಹಿರಿಯರು ಮೊದಲು ಹೊಟ್ಟೆಯ ರೋಗವನ್ನೂ ಬಳಿಕ ದೃಷ್ಟಿದೋಷವನ್ನೂ ಕಡೆಗೆ ಹಟಮಾರಿತನವನ್ನೂ ಶಂಕಿಸುವುದು ಸಹಜವಾದುದು. ಮನೋವ್ಯಾಧಿಯೆಂಬ ಗುಮಾನಿ ಹುಟ್ಟಿದ ಮೇಲೆ ಈ ಸೀಮೆಯವರು ಬಹುಕಾಲದಿಂದ ಹಿಡಿದಿರುವ ಹಾದಿ ಸುಮಾರು 75 ಕಿಲೋಮೀಟರು ದೂರದ ಧಾರವಾಡದ್ದು. ಇಂದು ಡಿಮ್ಹಾನ್ಸ್ ಎಂದು ಹೆಸರಾದ ಅಲ್ಲಿಯ ಸಂಸ್ಥೆ, ಈ ಪ್ರದೇಶವು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ 1845ರಲ್ಲಿ ಹುಚ್ಚರ ಆಶ್ರಮವಾಗಿ ಜನ್ಮತಾಳಿತು. ಆ ಯುಗದ ಆಶ್ರಮಗಳ ಮುಖ್ಯ ಪ್ರಯೋಜನ ಸಮಾಜದ ರಕ್ಷಣೆಯಾಗಿದ್ದಿತೇ ಹೊರತು ನಿವಾಸಿಯ ಇಷ್ಟಾನಿಷ್ಟಗಳ ವಿಚಾರಣೆಯಾಗಿರಲಿಲ್ಲ. ಹುಚ್ಚರನ್ನು ಕುರಿತ 1858ರ ಮತ್ತು 1912ರ ಕಾನೂನುಗಳು ರಚಿತವಾದುದೂ ಈ ದೃಷ್ಟಿಯಿಂದಲೇ.

ಇದಕ್ಕೆ ಸಮಕಾಲೀನವಾಗಿ ಯೂರೋಪಿನಲ್ಲಿ ಉಪವಾಸರೋಗವು ವೈದ್ಯಶಾಸ್ತ್ರವನ್ನು ಪ್ರವೇಶಿಸಿತು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸಿನ ಶಾರ್ಲ್ ಲಸೇಗ್ ಪರಸ್ಪರ ಸ್ವತಂತ್ರವಾಗಿ ಅದನ್ನು ವರ್ಣಿಸಿದರು. ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಗಲ್‌ನದು. ಸಂಬಂಧಿಕರು ರೋಗಿಯ ಶುಶ್ರೂಷೆಗೆ ತಕ್ಕವರಲ್ಲವೆಂಬುದು ಅವನ ಮತವಾಗಿದ್ದಿತು. ಫ್ರೆಂಚ್ ನರವೈದ್ಯ ಶಾರ್ಕೋ ಅದನ್ನು ಮತ್ತಷ್ಟು ಬಿಗಿಗೊಳಿಸಿ, ತಾಯಿತಂದೆಯರಿಂದ ಬೇರ್ಪಡಿಸುವುದನ್ನೇ ಚಿಕಿತ್ಸೆಯ ಪ್ರಥಮಾಂಗವಾಗಿಸಿದನು. ಏಕಾಂತ, ಹಾಸಿಗೆ, ಕಡ್ಡಾಯದ ಊಟ, ತೂಕ ಏರಿದರೆ ಬಹುಮಾನವಾಗಿ ದೊರೆಯುವ ಸವಲತ್ತು: ಇಂಥ ಕ್ರಮವು ಬಹುಕಾಲ ಪ್ರಬಲವಾಗಿತ್ತು. ದೇಹವು ಇದರಿಂದ ಎಷ್ಟೋ ವೇಳೆ ಉಳಿದುದನ್ನು ನಿರಾಕರಿಸಲಾಗದು. ಆದರೆ ತನ್ನ ಬಾಳಿನ ಮೇಲೆ ಹಿಡಿತವಿಲ್ಲವೆಂದು ನೊಂದು ಅನ್ನವೊಂದನ್ನೇ ತನ್ನ ಅಧೀನದಲ್ಲಿ ಉಳಿಸಿಕೊಂಡ ಜೀವದಿಂದ ಆ ಒಂದನ್ನೂ ಕಸಿದುಕೊಂಡರೆ, ಅವಳು ಬಿಡುಗಡೆಗಾಗಿ ಉಣ್ಣುವಳು, ಬಿಡುಗಡೆಯಾದೊಡನೆ ಮರಳಿ ಉಪವಾಸಕ್ಕೆ ಜಾರುವಳು.

ಭಾರತದಲ್ಲಿ ಇತಿಹಾಸ ಹಿಡಿದುದು ವಿರುದ್ಧ ದಿಕ್ಕನ್ನು. 1950ರ ದಶಕದಲ್ಲಿ ಅಮೃತಸರದ ವಿದ್ಯಾಸಾಗರರು ರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ನೆಲೆಗೊಳಿಸಿ ಶುಶ್ರೂಷೆಯಲ್ಲಿ ಪಾಲುಗಾರರನ್ನಾಗಿಸಿದರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಪಡೆದ ಬೆಂಗಳೂರು, 1974ರಲ್ಲಿ ಅದು ನಿಮ್ಹಾನ್ಸ್ ಆದ ಮೇಲೆ, ಕುಟುಂಬವನ್ನೊಳಗೊಂಡ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವನ್ನೇ ತೆರೆಯಿತು. ಲಂಡನ್ನಿನ ಮಾಡ್ಸ್‌ಲೀ ಆಸ್ಪತ್ರೆಯವರು ಹೆತ್ತವರ ಕೈಯಲ್ಲಿಯೇ ಮಗುವಿನ ಊಟದ ಹೊಣೆಯನ್ನಿರಿಸುವ ಪದ್ಧತಿಯ ಫಲವನ್ನು ಪ್ರಕಟಿಸಿದುದು 1987ರಲ್ಲಿ ಎಂಬುದನ್ನು ನೆನೆದರೆ, ನಮ್ಮವರ ಹೆಜ್ಜೆ ಎಷ್ಟು ಮುಂದಿದ್ದಿತೆಂಬುದು ಸ್ಪಷ್ಟವಾದೀತು.

ಆದರೂ ಕುಟುಂಬವೇ ಸರ್ವೌಷಧವೆನ್ನುವುದು ನನಗೆ ಒಪ್ಪಿಗೆಯಾಗದು. ನಿಮ್ಹಾನ್ಸಿನ ಪ್ರಭಾ ಚಂದ್ರ ಮತ್ತು ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯವೇ ಅನೊರೆಕ್ಸಿಯಾ ಮತ್ತು ಕುಟುಂಬದ ಒಳತೊಡಕುಗಳಾಗಿದ್ದವು. ಮನೆಯೂ ಅಲ್ಲದ ಆಸ್ಪತ್ರೆಯೂ ಅಲ್ಲದ ಮೂರನೆಯ ನೆಲೆಯೊಂದು ಅವಶ್ಯವಾಗುವುದು ಇಲ್ಲಿಯೇ. ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ಮೆಡಿಕೋ ಪ್ಯಾಸ್ಟೊರಲ್ ಅಸೋಸಿಯೇಷನ್ ಮುಂದೆ ನಡೆಸಿದ ಹಾಫ್‌ವೇ ಹೋಮ್, 1979ರ ಆತ್ಮಶಕ್ತಿ ವಿದ್ಯಾಲಯ, 1986ರಲ್ಲಿ ನೆಲೆಯೂರಿದ ರಿಚ್ಮಂಡ್ ಫೆಲೋಶಿಪ್, ಇವು ಆ ನೆಲೆಯನ್ನು ಕಟ್ಟಿದುವು. ಅಲ್ಲಿಯ ನಿವಾಸಿಗಳಲ್ಲಿ ಹೆಚ್ಚಿನವರು ಇತರ ತೀವ್ರ ಮನೋರೋಗಗಳಿಂದ ಬಳಲಿದವರು. ಆದರೆ ಅಡುಗೆ, ಸಂತೆ, ಕಸಬು, ಸಭೆಗಳಲ್ಲಿ ನಿವಾಸಿಯು ಸಮಪಾಲುಗಾರನಾಗುವ ರೀತಿಯು, ಅನ್ನದೊಡನೆ ಮನಸ್ತಾಪವಿರುವವರಿಗೆ ಇನ್ನೂ ಆಳವಾಗಿ ಅನ್ವಯಿಸುವುದು.

ಹೀಗೆ ನಿವಾಸಿಯನ್ನು ಪಾಲುಗಾರನಾಗಿಸುವ ವ್ಯಕ್ತಿಕೇಂದ್ರಿತ ಶುಶ್ರೂಷೆಯೆಂದರೆ ತೂಕವನ್ನು ಅಲಕ್ಷಿಸುವುದೆಂದು ಯಾರೂ ಭಾವಿಸಬಾರದು. 1944–45ರಲ್ಲಿ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿದಾಗ, ದೇಹದ ತೂಕದಲ್ಲಿ ಸುಮಾರು ಕಾಲುಭಾಗ ಕಳೆದುಕೊಂಡ ಅವರ ಚಿತ್ತವನ್ನೆಲ್ಲ ಊಟದ ಧ್ಯಾನವೇ ಆವರಿಸಿತು. ಹಸಿದ ಮಿದುಳಿಗೆ ಉಪದೇಶ ನಾಟದು. ಇತ್ತ ಅತಿಕೃಶ ಶರೀರಕ್ಕೆ ಒಮ್ಮೆಗೇ ತುಂಬ ಉಣಿಸಿದರೆ ರಕ್ತದ ಫಾಸ್ಫೇಟು ಕುಸಿದು ಹೃದಯಕ್ಕೆ ಅಪಾಯ ಒದಗುವುದರಿಂದ, ವೈದ್ಯನ ಎಚ್ಚರವೂ ಮೇಲ್ವಿಚಾರಣೆಯೂ ಮೊದಲ ವಾರಗಳಲ್ಲಿ ಅನಿವಾರ್ಯ.

ಅನಂತರದ ಕಾರ್ಯವೇ ಸೂಕ್ಷ್ಮವಾದುದು. ಏಕಾದಶಿ, ಶ್ರಾವಣ ಸೋಮವಾರ, ಜೈನರ ದಶಲಕ್ಷಣ ಪರ್ವಗಳ ಉಪವಾಸ ಪುಣ್ಯವೆನಿಸಿದ ಈ ನಾಡಿನಲ್ಲಿ, ಯಾವ ವ್ರತ ಭಕ್ತಿಯದು, ಯಾವುದು ರೋಗದ ಮರೆ ಎಂಬುದನ್ನು ರೋಗಿಯ ಬಾಯಿಂದಲೇ, ಅವಳ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ, ತಾಳ್ಮೆಯಿಂದ ಕೇಳಬೇಕು. ದಪ್ಪಗಾಗುವ ಭೀತಿಯನ್ನೇ ಹೇಳದ ರೋಗಿಗಳು ಏಷ್ಯದಲ್ಲಿ ಉಂಟೆಂಬುದನ್ನು ಹಾಂಗ್‌ಕಾಂಗಿನ ಸಿಂಗ್ ಲೀ 1990ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಬಡಿಸುವ ಊಟವೂ ಅವಳ ಮನೆಯದೇ ಆಗಿರಬೇಕು: ಖಾನಾಪುರದವಳಿಗೆ ಅನ್ನ, ಬಯಲುಸೀಮೆಯವಳಿಗೆ ಜೋಳದ ರೊಟ್ಟಿ ಮತ್ತು ಝುಣಕ. ಅವಳು ಅಂಜುವ ತಿನಿಸು ಬೆಳಗಾವಿಯ ಕುಂದಾ ಆಗಿದ್ದರೆ, ಯಾವ ದಿನ, ಯಾರ ಜೊತೆ, ಎಷ್ಟು ತಿನ್ನಬೇಕೆಂಬುದು ಅವಳೊಡನೆ ಕುಳಿತು ನಿಶ್ಚಯಿಸಬೇಕಾದ ವಿಷಯ.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸಮಾಜದ ನಡುವೆ ಬಾಳುವ ಹಕ್ಕನ್ನೂ, ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ವಯಸ್ಕರು ಮುಂಗಡವಾಗಿ ಬರೆದಿಡುವ ಅಧಿಕಾರವನ್ನೂ ಮನ್ನಿಸಿದೆ. 18 ತುಂಬದವರು ದಾಖಲಾದರೆ ಅವರ ನಾಮನಿರ್ದೇಶಿತ ಪ್ರತಿನಿಧಿಯೋ ಆತ ನೇಮಿಸಿದ ಸಹಾಯಕರೋ ಸಂಗಡವಿರಲೇಬೇಕೆಂದೂ, ಬಾಲಕಿಯ ಸಂಗಡ ಸ್ತ್ರೀಯೇ ಇರಬೇಕೆಂದೂ ವಿಧಿಸಿದೆ. ಹೀಗಿರುವಾಗ ಖಾನಾಪುರದ ಕೂಲಿಯ ತಾಯಿ ಮಗಳೊಡನೆ ವಾರಗಟ್ಟಲೆ ಪರಸ್ಥಳದಲ್ಲಿ ನಿಲ್ಲಬೇಕಾದರೆ, ಅವಳ ಕಳೆದ ದಿನಗೂಲಿಯನ್ನೂ ಊಟವಸತಿಯನ್ನೂ ಚಿಕಿತ್ಸೆಯ ವೆಚ್ಚದಲ್ಲಿಯೇ ಸೇರಿಸಿ ಎಣಿಸತಕ್ಕದ್ದು.