ಕೆಆರ್‌ಎಸ್ ಬುಡದಲ್ಲಿ ಅಮ್ಯೂಸ್‌ಮೆಂಟ್ ಪಾರ್ಕ್: ರೈತರು ಬೇಡ ಅಂತಿರೋದು ಯಾಕೆ?

ಕರಿಘಟ್ಟದ ಮೆಟ್ಟಿಲು ಹತ್ತಿ ನಿಂತರೆ ಕೆಳಗೆ ಲೋಕಪಾವನಿ ಬಂದು ಕಾವೇರಿ ಸೇರೋದು ಕಾಣುತ್ತೆ. ಅತ್ತ ನದಿಯ ಎರಡು ಕವಲುಗಳ ನಡುವೆ ಶ್ರೀರಂಗಪಟ್ಟಣ: ಕೋಟೆ, ರಂಗನಾಥನ ಗುಡಿ, ಸಂಗಮ. ಇದೆಲ್ಲವೂ ಕೆಆರ್‌ಎಸ್ ಅಣೆಕಟ್ಟೆಯ ಕೆಳಗಡೆ ಇದೆ. ಮಳೆಗಾಲದಲ್ಲಿ ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟರೆ ಸಾಕು, 1804ರ ವೆಲ್ಲೆಸ್ಲಿ ಸೇತುವೆ ಬಂದ್, ರಂಗನತಿಟ್ಟಿನ ದೋಣಿ ವಿಹಾರವೂ ಬಂದ್. ಹಾಗಾಗಿ ಇಲ್ಲಿನವರಿಗೆ ಅಣೆಕಟ್ಟೆ ಬರೀ ಪಿಕ್ನಿಕ್ ಜಾಗ ಅಲ್ಲ.

ಏನಿದು ಯೋಜನೆ?

2018ರ ನವೆಂಬರ್‌ನಲ್ಲಿ ಆಗಿನ ಸಮ್ಮಿಶ್ರ ಸರ್ಕಾರ ಕೆಆರ್‌ಎಸ್ ಬಳಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕ್, 125 ಅಡಿಯ ಕಾವೇರಿ ಪ್ರತಿಮೆ ಮಾಡ್ತೀವಿ ಅಂತ ಹೇಳಿತು. ವಿರೋಧ ಬಂತು, ಯೋಜನೆ ಮುಂದಕ್ಕೆ ಹೋಗಲಿಲ್ಲ. 2024ರಲ್ಲಿ ಅದೇ ಆಸೆ ಮತ್ತೆ ಚಿಗುರಿತು. ಬೃಂದಾವನವನ್ನು ಖಾಸಗಿ ಸಹಭಾಗಿತ್ವದಲ್ಲಿ ಸುಮಾರು 2,663 ಕೋಟಿ ರೂಪಾಯಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಲು ಸಚಿವ ಸಂಪುಟ ಒಪ್ಪಿತು. ಅದರ ಜೊತೆಗೆ ಸುಮಾರು 92 ಕೋಟಿಯ ಕಾವೇರಿ ಆರತಿ. 2025ರಲ್ಲಿ ಮಂಡ್ಯದ ರೈತರು ಬೀದಿಗಿಳಿದರು, ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿದರು.

ವಿರೋಧ ಯಾಕೆ?

ಮೊದಲನೆಯದು ಸುರಕ್ಷತೆ. 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಕಟ್ಟೆ ಇದು. ಕಲ್ಲುಗಳನ್ನು ಹಿಡಿದಿರೋದು ಸಿಮೆಂಟಲ್ಲ, ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಅದರ ಹಿಂದೆ ನಿಲ್ಲುವ ನೀರು 49 ಟಿಎಂಸಿಗೂ ಹೆಚ್ಚು.

ಎರಡನೆಯದು ಆದ್ಯತೆ. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ಜಮೀನಿಗೆ ಮೊದಲು ನೀರು ಮುಟ್ಟಿಸಿ, ಪಾರ್ಕ್ ಆಮೇಲೆ ನೋಡೋಣ ಅನ್ನೋದು ರೈತರ ವಾದ.

ಸರ್ಕಾರ ಏನನ್ನುತ್ತೆ?

ಪ್ರವಾಸಿಗರು ಬರ್ತಾರೆ, ಸ್ಥಳೀಯರಿಗೆ ಕೆಲಸ ಸಿಗುತ್ತೆ, ಬಂಡವಾಳ ಖಾಸಗಿಯವರದ್ದು. ಇದನ್ನು ತಳ್ಳಿಹಾಕೋ ಹಾಗಿಲ್ಲ. ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ ಹತ್ತುವ ಈ ಭಾಗದ ಹುಡುಗರಿಗೆ ಊರಲ್ಲೇ ಕೆಲಸ ಅನ್ನೋದು ಸಣ್ಣ ಮಾತಲ್ಲ.

ನನ್ನ ಲೆಕ್ಕ

ಎಂಜಿನಿಯರಿಂಗ್ ಓದಿದವನಾಗಿ ಒಂದು ಮಾತು ಹೇಳಿಬಿಡ್ತೀನಿ: ಜಾಯಿಂಟ್ ವೀಲ್ ತಿರುಗಿದ ಮಾತ್ರಕ್ಕೆ ಅಣೆಕಟ್ಟೆ ಬಿರುಕು ಬಿಡುತ್ತೆ ಅಂತ ನಾನು ನಂಬಲ್ಲ. ನನ್ನ ಪ್ರಶ್ನೆಗಳು ಬೇರೆ. ಪಾಯ ತೋಡುವಾಗಿನ ಕಂಪನ ಎಷ್ಟು? ರಾತ್ರೋರಾತ್ರಿ ಗೇಟ್ ಎತ್ತಬೇಕಾಗಿ ಬಂದರೆ ಕೆಳಗಿರುವ ಸಾವಿರಾರು ಜನರನ್ನು ಎಷ್ಟು ಹೊತ್ತಲ್ಲಿ, ಯಾವ ದಾರಿಯಲ್ಲಿ ಹೊರಗೆ ಕಳಿಸ್ತೀರಿ?

ಇದೇ ಅಣೆಕಟ್ಟೆಯ 20 ಕಿ.ಮೀ. ಸುತ್ತಳತೆಯಲ್ಲಿ ಅಧ್ಯಯನ ಮುಗಿಯುವವರೆಗೆ ಗಣಿಗಾರಿಕೆ ಬೇಡ ಅಂತ ಹೈಕೋರ್ಟ್ 2024ರ ಜನವರಿಯಲ್ಲಿ ಹೇಳಿತು. ಇಪ್ಪತ್ತು ಕಿಲೋಮೀಟರ್ ದೂರದ ಕ್ವಾರಿ ಅಧ್ಯಯನಕ್ಕೆ ಕಾಯಬೇಕು ಅಂದಮೇಲೆ, ಕಟ್ಟೆಯ ಬುಡದ ಪಾರ್ಕಿಗೆ ಯಾಕಿಷ್ಟು ಅವಸರ?

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ, ಅದು ಜಾರಿಯಾದ 5 ವರ್ಷದೊಳಗೆ ದೊಡ್ಡ ಅಣೆಕಟ್ಟೆಗಳ ಸಮಗ್ರ ಸುರಕ್ಷತಾ ಪರಿಶೀಲನೆ ಆಗಲೇಬೇಕು. ಮಾಡಬೇಕಾದ್ದು ಸ್ವತಂತ್ರ ತಜ್ಞರು. ಆ ವರದಿಯನ್ನು ಕನ್ನಡದಲ್ಲಿ, ಪಂಚಾಯಿತಿ ಕಟ್ಟೆ ಮೇಲೆ ಓದಿ ಹೇಳಿ. ಟೆಂಡರ್ ಮಾತು ಆಮೇಲೆ. ಪಾರ್ಕ್ ಸುರಕ್ಷಿತ ಅಂತ ಸಾಬೀತು ಮಾಡಬೇಕಾದ್ದು ಕಟ್ಟುವವರು, ಕೆಳಗೆ ಬದುಕುವವರಲ್ಲ.