ಥಟ್ ಅಂತ ಹೇಳಿ: ಕೋಟಿ ಇಲ್ಲದ ಕ್ವಿಜ್, ಕುರ್ಚಿ ಬಿಡದ ಡಾಕ್ಟರ್ ನಾ. ಸೋಮೇಶ್ವರ

ಹೊನ್ನಾವರ: ರಾತ್ರಿ ಒಂಬತ್ತಾದರೆ ಬಜಾರಿನಲ್ಲಿ ಶಟರ್ ಎಳೆಯೋ ಸದ್ದು ಶುರು. ಗಲ್ಲಾಪೆಟ್ಟಿಗೆ ಲೆಕ್ಕ ಮುಗಿಸಿ, ಮನೆಗೆ ಹೋಗಿ, ಕೈಕಾಲು ತೊಳೆದು ಊಟಕ್ಕೆ ಕೂರುವಷ್ಟರಲ್ಲಿ ಒಂಬತ್ತೂವರೆ. ಹೊನ್ನಾವರ, ಕುಮಟಾ, ಭಟ್ಕಳದ ಎಷ್ಟೋ ಅಂಗಡಿಕಾರರ ಮನೆಯಲ್ಲಿ ಅದು ವರ್ಷಗಟ್ಟಲೆ ಒಂದೇ ಕಾರ್ಯಕ್ರಮದ ಹೊತ್ತು. ಚಂದನ ವಾಹಿನಿಯ 'ಥಟ್ ಅಂತ ಹೇಳಿ'. ತಟ್ಟೆಯಲ್ಲಿ ಮೀನು ಸಾರು, ಟೀವಿಯಲ್ಲಿ ಮೂರು ಜನ ಸ್ಪರ್ಧಿಗಳು, ಅವರೆದುರು ಕನ್ನಡಕ ಹಾಕಿದ ಡಾಕ್ಟರು. ಸ್ಪರ್ಧಿ ಬಾಯಿ ಬಿಡೋ ಮೊದಲೇ ಮನೆಯಲ್ಲಿ ಯಾರೋ ಒಬ್ಬರು ಉತ್ತರ ಕೂಗಿ ಆಗಿರುತ್ತೆ.

ಆ ಡಾಕ್ಟರು ನಾ. ಸೋಮೇಶ್ವರ. 'ಟೀವಿ ಸಾಧಕರು' ಮಾಲಿಕೆಗೆ ಒಬ್ಬರ ಬಗ್ಗೆ ಬರಿ ಅಂದಾಗ ನಾನು ಇವರನ್ನೇ ಆರಿಸಿಕೊಂಡೆ. ಇವರು ಸುದ್ದಿ ವಾಹಿನಿಯ ಪತ್ರಕರ್ತರಲ್ಲ, ಸಿನಿಮಾದವರೂ ಅಲ್ಲ. ಓದಿದ್ದು ವೈದ್ಯಕೀಯ, ಬರೆದದ್ದು ಆರೋಗ್ಯ ಮತ್ತು ವಿಜ್ಞಾನದ ಬಗ್ಗೆ, ಅದೂ ಕನ್ನಡದಲ್ಲಿ. ದೇಹದ ರೋಗನಿರೋಧಕ ಶಕ್ತಿ ಬಗ್ಗೆ ಇವರು ಬರೆದ ಒಂದು ಪುಸ್ತಕದ ಹೆಸರು 'ಏಳು ಸುತ್ತಿನ ಕೋಟೆಯಲ್ಲಿ ಎಂಟು ಕೋಟಿ ಬಂಟರು'. ಹೆಸರು ಕೇಳಿದ್ರೆ ಯಕ್ಷಗಾನ ಪ್ರಸಂಗ ಅನ್ನಿಸುತ್ತೆ, ಒಳಗಿರೋದು ರಕ್ತದ ಬಿಳಿಕಣಗಳ ಕತೆ. ಕಷ್ಟದ ವಿಷಯವನ್ನ ನಮ್ಮ ಬಾಯಿಗೆ ಹೊಂದೋ ಮಾತಲ್ಲಿ ಹೇಳೋ ಈ ಅಭ್ಯಾಸವೇ ಮುಂದೆ ಕ್ವಿಜ್ ಕುರ್ಚಿಯಲ್ಲೂ ಅವರ ಕೈಹಿಡಿದದ್ದು.

ಕಾರ್ಯಕ್ರಮ ಶುರುವಾಗಿದ್ದು 2002ರ ಜನವರಿ 4ರಂದು. ಆಗಿನ ಕಾಲ ಸ್ವಲ್ಪ ನೆನಪು ಮಾಡ್ಕೊಳ್ಳಿ. ಅದಕ್ಕೆ ಒಂದೂವರೆ ವರ್ಷ ಮೊದಲು, 2000ದ ಜುಲೈ 3ಕ್ಕೆ, ಸ್ಟಾರ್ ಪ್ಲಸ್‌ನಲ್ಲಿ ಅಮಿತಾಭ್ ಬಚ್ಚನ್ 'ಕೌನ್ ಬನೇಗಾ ಕರೋಡ್‌ಪತಿ' ಶುರು ಮಾಡಿದ್ದರು. ಬ್ರಿಟನ್ನಿನಲ್ಲಿ 1998ರಲ್ಲಿ ಹುಟ್ಟಿದ ಆಟದ ಭಾರತದ ಅವತಾರ ಅದು. ಅದೇ ಅಕ್ಟೋಬರ್‌ನಲ್ಲಿ ಹರ್ಷವರ್ಧನ್ ನವಾಥೆ ಮೊದಲ ಕೋಟಿ ಗೆದ್ದರು. ಹಿಂದಿ ಬಾರದವರೂ 'ಲಾಕ್ ಕಿಯಾ ಜಾಯ್' ಅನ್ನೋಕೆ ಕಲಿತಿದ್ದರು. ಕ್ವಿಜ್ ಅಂದ್ರೆ ದುಡ್ಡು, ಲೈಟು, ಎದೆ ಢವಢವ ಅನ್ನೋ ಸಂಗೀತ ಅಂತ ದೇಶಕ್ಕೆ ದೇಶವೇ ನಂಬಿದ್ದ ಹೊತ್ತಲ್ಲಿ ದೂರದರ್ಶನ ಪುಸ್ತಕ ಬಹುಮಾನ ಕೊಡೋ ಕ್ವಿಜ್ ಇಟ್ಟಿತು. ಯಾರಾದ್ರೂ ನೋಡ್ತಾರಾ ಮಾರಾಯ್ರೆ ಅಂತ ಆಗ ಕೇಳಿದವರು ಇದ್ದೇ ಇರ್ತಾರೆ.

ನೋಡಿದರು. ಹತ್ತು ವರ್ಷದೊಳಗೆ ಕಾರ್ಯಕ್ರಮದ ಹೆಸರು ಲಿಮ್ಕಾ ದಾಖಲೆ ಪುಸ್ತಕ ಸೇರಿತು. 3000 ಸಂಚಿಕೆ ದಾಟಿಯೂ ವರ್ಷಗಳಾದವು. ಈ ನಡುವೆ ಕನ್ನಡಕ್ಕೂ ಕೋಟಿ ಆಟ ಬಂತು. 2012ರಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ' ನಡೆಸಿಕೊಟ್ಟರು. ಮುಂದೆ ಒಂದು ಸರಣಿಗೆ ರಮೇಶ್ ಅರವಿಂದ್ ಬಂದರು, 2019ರಲ್ಲಿ ಕಲರ್ಸ್ ಕನ್ನಡದಲ್ಲಿ ಮತ್ತೆ ಪುನೀತ್. ಅಪ್ಪು ಎದುರು ಕೂತ ಬಡವರ ಮನೆ ಮಕ್ಕಳನ್ನ ನೋಡಿ ಅತ್ತವರು ನಮ್ಮೂರಲ್ಲೂ ಇದ್ದಾರೆ, ಆ ಕಾರ್ಯಕ್ರಮದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಅದು ಬರುತ್ತೆ, ಹೋಗುತ್ತೆ, ವರ್ಷಗಟ್ಟಲೆ ಕಾಣಲ್ಲ. ಚಂದನದ್ದು ವಾರದ ರಾತ್ರಿಗಳಲ್ಲಿ ಸುಮ್ಮನೆ ನಡೀತಾ ಇರುತ್ತೆ, ಊರಿನ ಹಳೇ ಅಂಗಡಿ ಥರ.

ಒಂದು ಲೆಕ್ಕ ಹಾಕಿ ನೋಡಿದೆ. ಒಂದು ಸಂಚಿಕೆಗೆ 3 ಸ್ಪರ್ಧಿಗಳು. 3000 ಸಂಚಿಕೆ ಅಂದ್ರೆ 9000 ಕುರ್ಚಿ. ರಾಜ್ಯದಲ್ಲಿರೋದು 230ಕ್ಕಿಂತ ಸ್ವಲ್ಪ ಹೆಚ್ಚು ತಾಲೂಕು. ಸಮನಾಗಿ ಹಂಚಿದ್ರೆ ತಾಲೂಕಿಗೆ ಹತ್ತಿರ ಹತ್ತಿರ 38 ಕುರ್ಚಿ ಬೀಳುತ್ತೆ. ಸಮನಾಗಿ ಹಂಚೋದಿಲ್ಲ ಅನ್ನೋದು ಬೇರೆ ಮಾತು. ಚಿತ್ರೀಕರಣ ಬೆಂಗಳೂರಿನಲ್ಲಿ, ದೂರದರ್ಶನ ಕೇಂದ್ರ ಇರೋದು ಜೆ.ಸಿ. ನಗರದಲ್ಲಿ. ಭಟ್ಕಳದವನು ರಾತ್ರಿ ಬಸ್ಸೋ ಪಂಚಗಂಗಾ ರೈಲೋ ಹತ್ತಬೇಕು, ಅಂಗಡಿಗೆ ಎರಡು ದಿನ ಬೀಗ ಹಾಕಬೇಕು, ಗೆದ್ದು ಬಂದ್ರೆ ಕೈಯಲ್ಲಿ ಪುಸ್ತಕದ ಕಟ್ಟು. ವ್ಯಾಪಾರಿ ಬುದ್ಧಿಯಲ್ಲಿ ನೋಡಿದ್ರೆ ಚೊಕ್ಕ ನಷ್ಟ. ಆದರೂ ಜನ ಹೋಗ್ತಾರೆ. ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು.

ನಾನು ಡಿಗ್ರಿ ಎರಡನೇ ವರ್ಷದಲ್ಲಿ ಬಿಟ್ಟವನು. ಅದಕ್ಕೆ ಮನೆಯ ಕಾರಣಗಳಿವೆ, ಇಲ್ಲಿ ಬೇಡ. ಬಿಡೋಕೆ ಮೊದಲು ಒಂದು ಕಾಲೇಜಿನಲ್ಲಿ ನಡೆದ ಕ್ವಿಜ್‌ಗೆ ಹೋಗಿದ್ದೆ. ಪ್ರಶ್ನೆ ಎಲ್ಲ ಇಂಗ್ಲಿಷ್‌ನಲ್ಲಿ. ಪೋರ್ಚುಗೀಸರು 'ಕರಿಮೆಣಸಿನ ರಾಣಿ' ಅಂತ ಯಾರನ್ನ ಕರೆದ್ರು ಅಂತ ಕೇಳಿದ್ರು. ಗೇರುಸೊಪ್ಪೆಯ ಚೆನ್ನಭೈರಾದೇವಿ! ನನ್ನ ತಾಲೂಕಿನ ರಾಣಿ. ಪ್ರಶ್ನೆ ಪೂರ್ತಿ ಅರ್ಥ ಆಗೋ ಹೊತ್ತಿಗೆ ಬಜರ್ ಬೇರೆಯವರದ್ದು. ಅವತ್ತು ಸೋತಿದ್ದು ಗೊತ್ತಿಲ್ಲದ್ದಕ್ಕಲ್ಲ. ಗೊತ್ತಿದ್ದದ್ದು ಬೇರೆ ಭಾಷೆಯಲ್ಲಿ ಇತ್ತು, ಅಷ್ಟೆ. ಕನ್ನಡ ಮೀಡಿಯಂನಲ್ಲಿ ಓದಿದ ಎಷ್ಟೋ ಜನರಿಗೆ ಈ ಗಾಯ ಇದೆ. ಅವರಿಗೆ ರಾಜ್ಯ ಮಟ್ಟದಲ್ಲಿ ಕನ್ನಡದಲ್ಲೇ ಪ್ರಶ್ನೆ ಕೇಳಿ, ಕನ್ನಡದಲ್ಲೇ ಉತ್ತರ ತಗೊಂಡು, ಸರಿ ಅಂತ ಒಪ್ಪಿಕೊಳ್ಳೋ ಕುರ್ಚಿ ಒಂದಿದೆ ಅನ್ನೋದೇ ದೊಡ್ಡ ವಿಷಯ. ಅಲ್ಲಿ ಮಾರ್ಕ್ಸ್‌ಕಾರ್ಡ್‌ಗಿಂತ ಬಜರ್‌ಗೆ ಬೆಲೆ ಜಾಸ್ತಿ.

ಇನ್ನೊಂದು, ಸೋಮೇಶ್ವರ ಅವರು ಉತ್ತರ ತಪ್ಪಾದ್ರೆ ಅಲ್ಲಿಗೇ ಬಿಟ್ಟು ಮುಂದೆ ಹೋಗಲ್ಲ. ಸರಿ ಉತ್ತರ ಏನು, ಯಾಕೆ, ಆ ಪದ ಎಲ್ಲಿಂದ ಬಂತು ಅಂತ ನಾಲ್ಕು ಮಾತು ಸೇರಿಸ್ತಾರೆ. ಕೆಲವೊಮ್ಮೆ ಜಾಸ್ತಿಯೇ ಆಗುತ್ತೆ, ಪಾಠ ಅನ್ನಿಸುತ್ತೆ, ನಿಜ. ಪುರಾಣ, ಹಳೇ ಸಾಹಿತ್ಯದ ಪ್ರಶ್ನೆ ಹೆಚ್ಚು, ಈಗಿನ ಹುಡುಗರಿಗೆ ಹಿಡಿಸೋದು ಕಮ್ಮಿ ಅನ್ನೋ ದೂರೂ ಇದೆ. ಸೆಟ್ ಕೂಡ ಸಾದಾ. ನನಗೆ ಅದರಿಂದ ತೊಂದ್ರೆ ಅನ್ನಿಸಿಲ್ಲ. ಸೋತ ಸ್ಪರ್ಧಿಯನ್ನ ಹಂಗಿಸಿ ನಗೋ ಚಾಳಿ ಇಲ್ಲಿಲ್ಲ, ಅದು ಸಾಕು.

ಹೊರಗಿನ ದೇಶದಲ್ಲಿ ಕ್ವಿಜ್ ಕುರ್ಚಿ ಎದುರಿಗೆ ಕೂತವರು ಎಷ್ಟೋ ಸಲ ಸುದ್ದಿಮನೆಯಿಂದಲೇ ಬಂದವರು. ಬಿಬಿಸಿಯ 'ಮಾಸ್ಟರ್‌ಮೈಂಡ್' 1972ರಿಂದ 1997ರವರೆಗೆ ನಡೆಸಿದ ಮ್ಯಾಗ್ನಸ್ ಮ್ಯಾಗ್ನಸನ್ ಮೊದಲು ಪೇಪರ್ ವರದಿಗಾರ. ಆ ಕಾರ್ಯಕ್ರಮದ ಕಪ್ಪು ಕುರ್ಚಿಗೂ ಒಂದು ಕತೆ ಇದೆ. ಅದನ್ನ ಯೋಚಿಸಿದ ನಿರ್ಮಾಪಕ ಬಿಲ್ ರೈಟ್ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಾಗಿದ್ದವರು, ತನ್ನನ್ನ ಕೂರಿಸಿ ವಿಚಾರಣೆ ಮಾಡಿದ ನೆನಪಿನಿಂದಲೇ ಆಟ ಕಟ್ಟಿದ್ರು. ಜೆರೆಮಿ ಪ್ಯಾಕ್ಸ್‌ಮನ್ ಅಂತೂ ಒಂದು ಕಡೆ 'ನ್ಯೂಸ್‌ನೈಟ್'ನಲ್ಲಿ ಮಂತ್ರಿಗಳ ಬೆವರಿಳಿಸ್ತಾ, ಇನ್ನೊಂದು ಕಡೆ 1994ರಿಂದ 2023ರವರೆಗೆ ಕಾಲೇಜು ಹುಡುಗರಿಗೆ ಕ್ವಿಜ್ ನಡೆಸಿದವರು. 1997ರಲ್ಲಿ ಮಾಜಿ ಗೃಹಮಂತ್ರಿಗೆ ಒಂದೇ ಪ್ರಶ್ನೆಯನ್ನ ಹತ್ತು ಸಲಕ್ಕಿಂತ ಹೆಚ್ಚು ಕೇಳಿದ್ದು ಇವರೇ.

ನಮ್ಮ ಕಡೆ ದಾರಿ ಉಲ್ಟಾ. ಕನ್ನಡ ಸುದ್ದಿ ವಾಹಿನಿಯವರು ಆಟಕ್ಕೆ ಹೋದದ್ದು ಹೆಚ್ಚಾಗಿ ಸ್ಪರ್ಧಿಗಳಾಗಿ. 2016ರ ಬಿಗ್ ಬಾಸ್ ನಾಲ್ಕನೇ ಸೀಸನ್‌ನಲ್ಲಿ ನಿರೂಪಕಿ ಶೀತಲ್ ಶೆಟ್ಟಿ ಇದ್ದರು, ಕಿರಿಕ್ ಕೀರ್ತಿ ಕೊನೆಯವರೆಗೂ ಉಳಿದು ಎರಡನೇ ಸ್ಥಾನ ಪಡೆದರು. 2019ರಲ್ಲಿ ರವಿ ಬೆಳಗೆರೆ ಕೂಡ ಆ ಮನೆಗೆ ಕಾಲಿಟ್ಟು ಬಂದರು. ಪ್ರಶ್ನೆ ಕೇಳೋ ಕೆಲಸ ಮಾತ್ರ ಡಾಕ್ಟರ ಪಾಲಿಗೆ ಬಂತು. ನನ್ನಂಥ ವರದಿಗಾರ ಉತ್ತರ ಗೊತ್ತಿಲ್ಲದೆ ಪ್ರಶ್ನೆ ಕೇಳ್ತಾನೆ. ಕ್ವಿಜ್ ಮಾಸ್ಟರ್ ಕೈಯಲ್ಲಿ ಉತ್ತರ ಮೊದಲೇ ಇರುತ್ತೆ. ಹಾಗಿದ್ದೂ ಎದುರಿನವರು ಹೇಳಲಿ ಅಂತ ಕಾಯೋದಕ್ಕೆ ಬೇರೆಯೇ ತಾಳ್ಮೆ ಬೇಕು. ದಿನಾ ರೋಗಿಯ ಮಾತು ಕೇಳಿದವರಿಗೆ ಅದು ಇರುತ್ತೋ ಏನೋ.

ವಿಜ್ಞಾನ ಓದಿ ಟೀವಿಗೆ ಬಂದವರು ನಮ್ಮ ಕುಮಟಾ ತಾಲೂಕಿನಲ್ಲೂ ಒಬ್ಬರಿದ್ದಾರೆ, ಗೋಕರ್ಣದ ಜಯಂತ ಕಾಯ್ಕಿಣಿ. ಬಯೋಕೆಮಿಸ್ಟ್ರಿ ಓದಿ ಮುಂಬೈಯಲ್ಲಿ ಕೆಲಸ ಮಾಡಿದ ಈ ಕತೆಗಾರ ಈಟಿವಿ ಕನ್ನಡದಲ್ಲಿ 'ನಮಸ್ಕಾರ' ನಡೆಸಿಕೊಟ್ಟಿದ್ದು ಹಳಬರಿಗೆ ನೆನಪಿರಬಹುದು. ಅದು ಕ್ವಿಜ್ ಅಲ್ಲ, ಮಾತುಕತೆ.

ಅಂದಹಾಗೆ, ಚಂದನದ ಕುರ್ಚಿಗೆ ಹೋಗೋ ಆಸೆ ಇರೋ ನಮ್ಮ ಹುಡುಗರು ಮೊದಲು ಸುತ್ತಮುತ್ತ ನೋಡಿಕೊಳ್ಳಿ. ಮಿರ್ಜಾನ ಕೋಟೆ ಯಾವ ನದಿಯ ಮಗ್ಗುಲಲ್ಲಿದೆ? ಅಘನಾಶಿನಿ. 'ಶಿಕಾರಿ' ಕಾದಂಬರಿ ಬರೆದ ಯಶವಂತ ಚಿತ್ತಾಲರ ಊರು? ಕುಮಟಾದ ಹನೇಹಳ್ಳಿ. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದವರು? ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆ. ಭಟ್ಕಳದಲ್ಲಿ ವಿಜಯನಗರ ಕಾಲದ ಕಲ್ಲಿನ ಕೆತ್ತನೆಗೆ ಹೆಸರಾದ ದೇವಸ್ಥಾನ? ಕೇತಪೈ ನಾರಾಯಣ. ಇದನ್ನ ಥಟ್ ಅಂತ ಹೇಳೋಕಾಗದೆ ಅಮೆಜಾನ್ ನದಿ ಉದ್ದ ಬಾಯಿಪಾಠ ಮಾಡಿ ಏನು ಮಾಡೋದು.

ಅಂಗಡಿಯವರಿಗೆ ಒಂದು ಮುಖ್ಯ ಮಾತು. ಕೋಟಿ ಆಟದ ಹೆಸರು ಹೇಳಿ 'ನಿಮ್ಮ ನಂಬರಿಗೆ 25 ಲಕ್ಷ ಲಾಟರಿ ಬಂದಿದೆ' ಅಂತ ವಾಟ್ಸಾಪ್ ಧ್ವನಿ ಸಂದೇಶ, ಬಚ್ಚನ್ ಫೋಟೋ ಇರೋ ಚೀಟಿ ಬರೋದು ನಿಂತಿಲ್ಲ. ಅದು ಪಕ್ಕಾ ಮೋಸ. ಆಡದ ಆಟದಲ್ಲಿ ಯಾರಿಗೂ ಬಹುಮಾನ ಬರಲ್ಲ. ತೆರಿಗೆ, ಪ್ರೊಸೆಸಿಂಗ್ ಫೀ ಅಂತ ಮೊದಲು ದುಡ್ಡು ಕೇಳ್ತಾರೆ, ಆಮೇಲೆ ಒಟಿಪಿ. ಕಳಿಸಿಬಿಟ್ಟಿದ್ದರೆ ನಾಚಿಕೆ ಪಟ್ಟುಕೊಂಡು ಕೂರಬೇಡಿ, ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಮೊದಲ ಕೆಲವು ಗಂಟೆಯಲ್ಲಿ ಹೇಳಿದ್ರೆ ದುಡ್ಡು ತಡೆಹಿಡಿಯೋ ಅವಕಾಶ ಜಾಸ್ತಿ. 'ನಿಮಗೆ ಥಟ್ ಅಂತ ಹೇಳಿಯಿಂದ ಪುಸ್ತಕ ಬಂದಿದೆ, ಒಟಿಪಿ ಹೇಳಿ' ಅನ್ನೋ ಫೋನ್ ಮಾತ್ರ ನನಗೆ ಇವತ್ತಿನವರೆಗೆ ಬಂದಿಲ್ಲ. ಪುಸ್ತಕದ ಆಸೆ ತೋರಿಸಿದ್ರೆ ಯಾರೂ ಬೀಳಲ್ಲ ಅಂತ ಕಳ್ಳರಿಗೂ ಗೊತ್ತು.

ನೋಡೋದು ಹೇಗೆ ಅಂತ ಕೇಳುವವರಿಗೆ: ಡಿಡಿ ಫ್ರೀ ಡಿಶ್ ಇದ್ದರೆ ತಿಂಗಳ ಬಾಡಿಗೆ ಇಲ್ಲದೆ ಚಂದನ ಸಿಗುತ್ತೆ. ಕೇಬಲ್‌ನವರು ಕಡ್ಡಾಯವಾಗಿ ಕೊಡಬೇಕಾದ ದೂರದರ್ಶನ ವಾಹಿನಿಗಳಲ್ಲಿ ಚಂದನವೂ ಸೇರಿದೆ, ಬರ್ತಿಲ್ಲ ಅಂದ್ರೆ ಕೇಳೋ ಹಕ್ಕು ನಿಮಗಿದೆ. ಹಳೇ ಸಂಚಿಕೆಗಳು ಚಂದನದ ಯೂಟ್ಯೂಬ್ ಚಾನೆಲ್‌ನಲ್ಲಿವೆ. ಮಳೆಗಾಲದಲ್ಲಿ ಗಿರಾಕಿ ಕಮ್ಮಿ ಇರೋ ಮಧ್ಯಾಹ್ನ ನಮ್ಮೂರಿನ ಒಂದೆರಡು ಕಿರಾಣಿ ಅಂಗಡಿಯಲ್ಲಿ ಮೊಬೈಲನ್ನ ತೂಕದ ಕಲ್ಲಿಗೆ ಒರಗಿಸಿ ಅದನ್ನೇ ಹಾಕಿರ್ತಾರೆ. ಅಕ್ಕಿ ತೂಗ್ತಾ ತೂಗ್ತಾ ಉತ್ತರ ಹೇಳ್ತಾರೆ, ಅರ್ಧ ಕೇಜಿ ಹೆಚ್ಚು ಬಿದ್ದದ್ದೂ ಗೊತ್ತಾಗಲ್ಲ.